ಅಪ್ಪನ ಮೆಲಮೈನ್ ತಟ್ಟೆ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಗೋಡೆಗೆ ಯಾವ ಬಣ್ಣವಿತ್ತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಗೋಡೆ ಕಂಡಿದ್ದರೆ ತಾನೆ? ಪಡಸಾಲೆಯಲ್ಲಿ ಭೌತಶಾಸ್ತ್ರದ ಸೂತ್ರಗಳು, ನಡುಮನೆಯಲ್ಲಿ ಮೂಲವಸ್ತುಗಳ ಕೋಷ್ಟಕ, ಅಡುಗೆಮನೆಯ ಬಾಗಿಲ ಪಕ್ಕ ಪಾಲಿಮರುಗಳ ಪಟ್ಟಿ. ಎಲ್ಲವೂ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಂಥವು, ಎಲ್ಲವೂ ನನ್ನ ಅಕ್ಷರ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಆ ಹೊಗಳಿಕೆಯ ಫಲವಾಗಿ ಹದಿಮೂರನೇ ವಯಸ್ಸಿನಿಂದ ನಾನು ಮನೆಯ ಸಂಬಳವಿಲ್ಲದ ಪೇಂಟರ್ ಆಗಿದ್ದೆ. ಮೂರು ಕೋಣೆಗಳ ಮನೆ ಅದು. ಪಡಸಾಲೆಯಲ್ಲಿ ಅಪ್ಪನ ಹತ್ತಿರ ಓದಲು ನಮ್ಮ ಕಲಬುರಗಿ ಕಡೆಯಿಂದ ಬಂದ ನಾಲ್ವರು ಹುಡುಗರು, ನಡುಮನೆಯಲ್ಲಿ ಅಪ್ಪ, ಅಡುಗೆಮನೆಯಲ್ಲಿ ನಾನು ಮತ್ತು ಅವ್ವ. ದೇವರಿಗೆ ಹಿಟ್ಟಿನ ಡಬ್ಬಿಯ ಮೇಲಿದ್ದ ಒಂದು ಗೇಣು ಹಲಗೆ. ಯಾರಿಗೆ ಎಷ್ಟು ಜಾಗ ಎನ್ನುವುದನ್ನು ನೋಡಿದರೆ ಸಾಕು, ಆ ಮನೆಯಲ್ಲಿ ಯಾರ ಮಾತು ಎಷ್ಟು ನಡೆಯುತ್ತಿತ್ತು ಎಂದು ಗೊತ್ತಾಗುತ್ತಿತ್ತು.

ಅಪ್ಪ ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಕೆಲಸಕ್ಕಿದ್ದ. ಹುಡುಗರು ಅವನನ್ನು ಲೆಕ್ಚರರ್ ಎಂದು ತಿಳಿದಿದ್ದರು. ಅಪ್ಪ ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಅವನು ಅಲ್ಲಿ ರಸಾಯನಶಾಸ್ತ್ರದ ಲ್ಯಾಬಿನ ಅಟೆಂಡರ್. ಹದಿನೆಂಟು ವರ್ಷ ಗಾಜಿನ ನಳಿಗೆಗಳನ್ನು ತೊಳೆದು, ಆಸಿಡ್ ಬಾಟಲಿಗಳಿಗೆ ಚೀಟಿ ಅಂಟಿಸಿ, ಬಾಗಿಲ ಪಕ್ಕ ನಿಂತು ಲೆಕ್ಚರರುಗಳ ಪಾಠ ಕೇಳಿ ಕೇಳಿ ಕೆಮಿಸ್ಟ್ರಿ ಕಲಿತಿದ್ದ. ನಿಂತು ಕಲಿತ ವಿದ್ಯೆ. ಆ ಮಟ್ಟಿಗೆ ಅವನ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಮನೆ ಬಿಡುತ್ತಿದ್ದ, ಖಾಕಿ ಅಂಗಿ ಚೀಲದೊಳಗೆ. ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಅಂಗಿ ಬದಲಾಗುತ್ತಿತ್ತು. ಅವ್ವ ಆ ಖಾಕಿಯನ್ನು ತೊಳೆದು ಎಂದೂ ಮಾಳಿಗೆಯ ಹಗ್ಗದ ಮೇಲೆ ಹಾಕಿದವಳಲ್ಲ, ಬಚ್ಚಲುಮನೆಯೊಳಗೇ ಒಣಗಿಸುತ್ತಿದ್ದಳು. ಮಳೆಗಾಲದಲ್ಲಿ ಅದು ಒಣಗದೆ ಮುಗ್ಗಲು ನಾರುತ್ತಿತ್ತು. ಹುಡುಗರು ಸ್ನಾನಕ್ಕೆ ಹೋಗುವ ಮುಂಚೆ ಅದನ್ನು ತೆಗೆದು ಅಡಗಿಸಿಡುವುದು ನನ್ನ ಕೆಲಸ. ಯಾರ ಮುಂದೆ ಏನು ಹೇಳಬಾರದು ಎನ್ನುವುದನ್ನು ನಾನು ಕಲಿತದ್ದು ಹಾಗೆ.

ಆಗ ಊರಿಗೆ ಊರೇ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿತ್ತು. ಊರಾಚೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಏಳಿಸುತ್ತಿದ್ದರು. ಅವನ್ನು ಕಟ್ಟಲು ನಮ್ಮ ಕಡೆಯ ಕೂಲಿಯವರು ಗಂಟುಮೂಟೆ ಹೊತ್ತು ಕಾಚಿಗೂಡದಲ್ಲಿ ಇಳಿಯುತ್ತಿದ್ದರು. ಅವುಗಳೊಳಗೆ ಕೂರುವ ಆಸೆ ಹೊತ್ತು ಅದೇ ಕಡೆಯ ಮಾಸ್ತರರ, ಅಂಗಡಿಯವರ ಮಕ್ಕಳು ಅದೇ ರೈಲಿನಿಂದ ಇಳಿಯುತ್ತಿದ್ದರು. ಇಲ್ಲೇ ಇಂಟರ್, ಅಂದರೆ ಪಿ.ಯು.ಸಿ., ಓದಬೇಕು, ಎಂಟ್ರೆನ್ಸ್ ಬರೆಯಬೇಕು, ಕಂಪ್ಯೂಟರ್ ಸೀಟು ಹಿಡಿಯಬೇಕು. ದೊಡ್ಡ ಕೋಚಿಂಗ್ ಸೆಂಟರುಗಳಲ್ಲಿ ಪಾಠ ಇಂಗ್ಲಿಷಿನಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ಕನ್ನಡ ಶಾಲೆಯಿಂದ ಬಂದ ಹುಡುಗರಿಗೆ ಎರಡೂ ದಕ್ಕುತ್ತಿರಲಿಲ್ಲ. ಅಂಥವರಿಗೆ ಅಪ್ಪನೇ ದೇವರು. ತಮಾಷೆಯೆಂದರೆ ಮುಂದೆ ಜನ್ಮಪೂರ್ತಿ ಕಂಪ್ಯೂಟರಿನ ಮುಂದೆ ಕೂರಬೇಕಾದವರು ಅದಕ್ಕಾಗಿ ಬೇಕಲೈಟು, ನೈಲಾನು, ರಬ್ಬರುಗಳ ಹುಟ್ಟುಮೂಲವನ್ನು ಬಾಯಿಪಾಠ ಮಾಡಬೇಕಿತ್ತು. ಪಾಲಿಮರ್ ಎಂದರೆ ಪುಸ್ತಕದ ಕೊನೆಯ ಕಡೆಯ ಸಣ್ಣ ಪಾಠ, ಯಾರಿಗೂ ಬೇಡದ್ದು. ಆದರೆ ಅದರಿಂದ ಒಂದೋ ಎರಡೋ ಪ್ರಶ್ನೆ ತಪ್ಪದೆ ಬರುತ್ತಿದ್ದವು. ಒಂದು ಪ್ರಶ್ನೆ ತಪ್ಪಿದರೆ ನೂರಾರು ಜನ ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು.

ಆ ವರ್ಷ ನಾನೂ ಬರೆಯುವವಳಿದ್ದೆ. ಹುಡುಗರಿಗೆ ಲಾಂಗ್ ಟರ್ಮ್ ಎನ್ನುವ ಎರಡನೇ ಜನ್ಮವಿತ್ತು. ಸೋತವರು ಒಂದು ವರ್ಷ ಕೂತು ಮತ್ತೆ ಬರೆಯುತ್ತಿದ್ದರು. ನನಗೆ ಅದಿಲ್ಲ ಎನ್ನುವುದನ್ನು ಅಪ್ಪ ಅರ್ಜಿ ತುಂಬುವ ದಿನವೇ ಹೇಳಿಬಿಟ್ಟಿದ್ದ.

"ಸರ್ಕಾರಿ ಕಾಲೇಜಿನ್ಯಾಗ ಸೀಟ್ ಸಿಕ್ರ ಇಂಜಿನಿಯರಿಂಗ್ ಓದು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದಽ ಸಲ. ಸಿಗಲಿಲ್ಲಂದ್ರ ಸುಮ್ನ ಬಿ.ಎಸ್ಸಿ. ಮಾಡ್ಕೋತ ಅವ್ವನ ಕೈಗೆ ನೆರವಾಗು. ಇನ್ನೊಂದು ಸಲ ಬರೀತೀನಿ ಅನ್ನೂದಿಲ್ಲ, ಖಾಸಗಿ ಕಾಲೇಜ್ ಅನ್ನೂದಿಲ್ಲ."

"ಆತಪ್ಪಾ," ಎಂದಿದ್ದೆ.

ಅವ್ವನ ಕೈಗೆ ನೆರವಾಗುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಗಿನ ಐದಕ್ಕೆ ಅವಳು ರೊಟ್ಟಿ ಬಡಿಯಲು ಕೂತರೆ ಏಳುವುದು ಏಳೂವರೆಗೆ. ಮೊದಲು ಹುಡುಗರು, ಆಮೇಲೆ ಅಪ್ಪ, ಕೊನೆಗೆ ಉಳಿದದ್ದು ನಮಗೆ. ಪುಂಡಿ ಪಲ್ಯದ ತಳ, ಶೇಂಗಾ ಹಿಂಡಿಯ ಡಬ್ಬಿಯ ಗೋಡೆಗೆ ಅಂಟಿದ ಪುಡಿ, ಅಂಚು ಕಪ್ಪಾದ ರೊಟ್ಟಿ. ಹುಡುಗರಲ್ಲಿ ಯಾರಾದರೂ "ಕಾಕಿ, ಇನ್ನೊಂದು ಬಿಸಿ ರೊಟ್ಟಿ ಹಾಕ್ರಿ" ಎಂದರೆ ಅವ್ವ ಹಿಗ್ಗಿಹೋಗುತ್ತಿದ್ದಳು. ನನ್ನ ಹೊಟ್ಟೆ ಉರಿಯುತ್ತಿತ್ತು. ಪಾಠದ ಹೊತ್ತಿನಲ್ಲಿ ನಾನು ಕೂರುತ್ತಿದ್ದದ್ದು ಅಡುಗೆಮನೆಯ ಹೊಸ್ತಿಲ ಈಚೆ, ತೊಡೆಯ ಮೇಲೆ ಪುಂಡಿಸೊಪ್ಪಿನ ಮೊರ, ಅದರ ಪಕ್ಕ ನೋಟ್‌ಬುಕ್. ಸೊಪ್ಪು ಬಿಡಿಸುತ್ತ ಕೇಳಿದ ಪಾಠವೇ ನನಗೆ ಹುಡುಗರಿಗಿಂತ ಚೆನ್ನಾಗಿ ಬರುತ್ತಿತ್ತು. ಜಂಬವಲ್ಲ, ಅಪ್ಪ ಬೆಳಿಗ್ಗೆ ಬಾಯಿಪ್ರಶ್ನೆ ಕೇಳುವಾಗ ಹುಡುಗರು ತಡವರಿಸಿದರೆ ಕೊನೆಗೆ "ಸುಜಾತಾ, ನೀ ಹೇಳು" ಎನ್ನುತ್ತಿದ್ದ. ಆ ಮೂರು ಮಾತು ಕೇಳುವುದಕ್ಕಾಗಿಯೇ ನಾನು ಅಷ್ಟು ಓದುತ್ತಿದ್ದೆ.

ಅಪ್ಪನ ಪಾಠ ನಿಜವಾಗಿಯೂ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ನಾನೂ ಸುಳ್ಳುಗಾತಿಯಾಗುತ್ತೇನೆ. ಅವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳನ್ನೆಲ್ಲ ಬಿಚ್ಚಿಸಿಕೊಂಡು ಒಂದಕ್ಕೊಂದು ಕೊಂಡಿ ಹಾಕುತ್ತ ಹೋಗುತ್ತಿದ್ದ. ಒಂಟಿ ಪಿನ್ನು ಮಾನೋಮರ್, ಸರಪಳಿ ಪಾಲಿಮರ್. ಏನನ್ನೂ ಬಿಟ್ಟುಕೊಡದೆ ಹಾಗೇ ಸೇರಿಕೊಂಡರೆ ಸಂಕಲನ, ಪಾಲಿಥೀನಿನ ಹಾಗೆ. ಸೇರುವಾಗ ಪ್ರತಿ ಕೊಂಡಿಯಲ್ಲೂ ಒಂದಿಷ್ಟು ನೀರು ಹೊರಬಿದ್ದರೆ ಸಾಂದ್ರೀಕರಣ, ನೈಲಾನಿನ ಹಾಗೆ. ಎರಡು ಸರಪಳಿಗಳನ್ನು ಪಕ್ಕಪಕ್ಕ ಇಟ್ಟು ಒಂದರ ಮೇಲೊಂದು ಜಾರಿಸಿ ತೋರಿಸುತ್ತಿದ್ದ. ಆಮೇಲೆ ನಡುನಡುವೆ ಅಡ್ಡ ಪಿನ್ನು ಹಾಕಿ ಬಲೆ ಮಾಡಿ, ಈಗ ಜಾರಿಸಿ ನೋಡಿ ಎನ್ನುತ್ತಿದ್ದ. ಕಾಸಿದರೆ ಜಾರುವ ಸರಪಳಿ ಥರ್ಮೋಪ್ಲಾಸ್ಟಿಕ್, ಎಷ್ಟು ಕಾಸಿದರೂ ಜಗ್ಗದ ಬಲೆ ಥರ್ಮೋಸೆಟ್ಟಿಂಗ್. ಅಷ್ಟರಲ್ಲಿ ಒಳಗೆ ಅವ್ವನ ಸೆರಗು ಪಿನ್ನಿಲ್ಲದೆ ಹಿಟ್ಟಿಗೆ ಜೋತುಬೀಳುತ್ತಿತ್ತು.

"ತಿಳೀತಿಲ್ಲೋ? ಬೆಲ್ಲ ಕಾಸ್ರಿ, ಕರಗತೈತಿ. ಆರಿಸ್ರಿ, ಗಟ್ಟಿ ಆಗತೈತಿ. ಮತ್ತ ಕಾಸ್ರಿ, ಮತ್ತ ಕರಗತೈತಿ. ಇದು ಥರ್ಮೋಪ್ಲಾಸ್ಟಿಕ್. ರೊಟ್ಟಿ ಒಮ್ಮೆ ಹಂಚಿನ ಮ್ಯಾಲೆ ಸುಟ್ಟಿದ್ರ ಮತ್ತ ಹಿಟ್ಟು ಆಗತೈತೇನು? ಇನ್ನ ಕಾಸಿದ್ರ ಕರ್ರಗ ಆಗತೈತಿ, ಅಷ್ಟ. ಇದು ಥರ್ಮೋಸೆಟ್ಟಿಂಗ್. ಹೇಳ್ರಿ, ನಿಮ್ಮ ಕಾಕಿ ಎರಡೂ ಮಾಡತಾಳ, ಆದ್ರ ಆಕಿಗೆ ಗೊತ್ತಿಲ್ಲ!"

ಹುಡುಗರು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಬೇಕಲೈಟ್ ಕರಗುವುದಿಲ್ಲ ಎಂದು ತೋರಿಸಲು ಒಂದು ದಿನ ಕುಕ್ಕರಿನ ಹಿಡಿಯನ್ನೇ ಬಿಚ್ಚಿ ಉರಿಗೆ ಹಿಡಿದ. ಕರಗಲಿಲ್ಲ, ನಿಜ. ಸುಟ್ಟು ಸೀಳಿತು. ಆವತ್ತು ಮಾತ್ರ ಅವ್ವ ನಗಲಿಲ್ಲ. "ನಿಮ್ಮ ಪಾಠ ಮುಗಿಯೂದ್ರಾಗ ನನ್ನ ಅಡಗಿಮನಿನಽ ಮುಗೀತೈತಿ" ಎಂದು ಪಾತ್ರೆ ಕುಕ್ಕಿದಳು. ಹೊಸ ಹಿಡಿ ಬರಲಿಲ್ಲ. ಅವಳು ಆ ಕುಕ್ಕರನ್ನು ಹಳೆ ಬಟ್ಟೆ ಸುತ್ತಿ ಎತ್ತುವುದನ್ನು ರೂಢಿ ಮಾಡಿಕೊಂಡಳು.

ತಟ್ಟೆಯ ವಿಷಯಕ್ಕೆ ಬರುತ್ತೇನೆ. ಹುಡುಗರಿಗೆಂದು ಅಪ್ಪ ಕೋಠಿಯ ಫುಟ್‌ಪಾತಿನಿಂದ ಅರ್ಧ ಡಜನ್ ತಟ್ಟೆ ತಂದಿದ್ದ. ಬಿಳಿ ಬಣ್ಣ, ಅಂಚಿಗೆ ನೀಲಿ ಹೂ. ಮಾರುವವನು ಅದನ್ನು ಮೆಲಮೈನ್ ಎಂದ, ಅಪ್ಪ ನಂಬಿದ. ಅವ್ವ ಒಂದನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಬಡಿದು, ಭಾಳ ಹಗುರ ಐತಲ್ಲ, ಮ್ಯಾಲಿನ ಮಾಣಿಕ್ಯಮ್ಮಾರ ತಟ್ಟಿ ಹಿಂಗಿಲ್ಲ ಎಂದಳು. ಮಾಣಿಕ್ಯಮ್ಮ ಎಂದರೆ ಮಾಳಿಗೆಯ ಮೇಲಿದ್ದ ಮನೆ ಒಡತಿ. ಅಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದೆ ಒಂದು ಬೆಳಿಗ್ಗೆ ಅವ್ವ ಅವಸರದಲ್ಲಿ ಒಗ್ಗರಣೆಯ ಕಾದ ಬಾಣಲೆಯನ್ನು ಆ ತಟ್ಟೆಯ ಮೇಲೆ ಇಟ್ಟಳು. ತಟ್ಟೆ ಹಪ್ಪಳದಂತೆ ಸೊಟ್ಟಗಾಗಿ ಬಾಣಲೆಯ ತಳಕ್ಕೆ ಅಂಟಿಕೊಂಡಿತು. ಅವ್ವ ಬೈಸಿಕೊಳ್ಳಲು ತಯಾರಾಗಿ ನಿಂತಳು. ಅಪ್ಪ ಬೈಯಲಿಲ್ಲ. ಅವನ ಮುಖ ಅರಳಿತು. ಆ ಸೊಟ್ಟ ತಟ್ಟೆಯನ್ನು ಎತ್ತಿಕೊಂಡು ನೇರ ಪಡಸಾಲೆಗೆ ಹೋದ.

"ನೋಡ್ರಿಪಾ, ಕಣ್ಣಾರೆ ನೋಡ್ರಿ. ಮೆಲಮೈನ್ ಕಾಸಿದ್ರ ಕರಗೇತಿ. ಅಂದ್ರ ಏನು? ಥರ್ಮೋಪ್ಲಾಸ್ಟಿಕ್. ಬರಕೋರಿ."

ನಾಲ್ಕು ಪೆನ್ನುಗಳು ಓಡಿದವು. ಹೊಸ್ತಿಲ ಈಚೆ ನನ್ನ ಪೆನ್ನು ನಿಂತಿತು. ನಮ್ಮ ಪುಸ್ತಕದಲ್ಲಿ ಮೆಲಮೈನ್ ಬೇಕಲೈಟಿನ ಪಕ್ಕದಲ್ಲಿತ್ತು; ಅದು ಬಲೆ, ಕರಗುವಂಥದ್ದಲ್ಲ. ಅಪ್ಪನ ಕಾಲೇಜಿನ ಲ್ಯಾಬಿನಲ್ಲಿ ಪಾಲಿಮರುಗಳ ಪ್ರಯೋಗ ಇರಲಿಲ್ಲ. ಅವನು ಬಾಗಿಲ ಪಕ್ಕ ನಿಂತು ಕೇಳದೆ ಉಳಿದ ಪಾಠ ಇದೊಂದೇ. ಅದು ನನಗೆ ಈಗ ಅರ್ಥವಾಗುತ್ತದೆ, ಆಗ ಅರ್ಥವಾಗಿರಲಿಲ್ಲ. ಸಂಜೆ ಅಪ್ಪ ಒಬ್ಬನೇ ಊಟಕ್ಕೆ ಕೂತಾಗ ಮೆಲ್ಲನೆ ಹೇಳಿದೆ.

"ಅಪ್ಪಾ, ಬುಕ್ಕಿನ್ಯಾಗ ಮೆಲಮೈನ್ ಥರ್ಮೋಸೆಟ್ಟಿಂಗ್ ಅಂತ ಐತಿ."

"ಪ್ರಿಂಟಿಂಗ್ ತಪ್ಪಿರಬೇಕು. ಬುಕ್ಕು ಸುಳ್ಳು ಹೇಳಬಹುದು, ಬೆಂಕಿ ಸುಳ್ಳು ಹೇಳಂಗಿಲ್ಲ."

"ತಟ್ಟಿನಽ ಖೊಟ್ಟಿ ಇದ್ರ?"

"ನಾ ಖೊಟ್ಟಿ ಮಾಲು ತರತೀನೇನು? ಉಣ್ಣಾಕ ಬಿಡು."

ನಾನು ಅಷ್ಟಕ್ಕೇ ಬಿಡಬೇಕಿತ್ತು. ಬಿಡಲಿಲ್ಲ. ಮರುದಿನ ಅಪ್ಪ ಕಾಲೇಜಿಗೆ ಹೋದ ಮೇಲೆ ಮಾಳಿಗೆ ಹತ್ತಿ, ಉಪ್ಪಿನಕಾಯಿ ಹೋಳು ಒಣಗಿಸಬೇಕು ಎಂದು ಸುಳ್ಳು ಹೇಳಿ ಮಾಣಿಕ್ಯಮ್ಮನ ತಟ್ಟೆ ಇಸಿದುಕೊಂಡು ಬಂದೆ. ಅದು ಭಾರವಾದ, ಪಿಂಗಾಣಿಯಂತೆ ಸದ್ದು ಮಾಡುವ ತಟ್ಟೆ. ಅದೇ ಬಾಣಲೆಯನ್ನು ಅಷ್ಟೇ ಕಾಸಿ ಅದರ ಮೇಲೆ ಇಟ್ಟೆ. ಕೆಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಕಂದು ಬಣ್ಣದ ಒಂದು ವೃತ್ತ ಮೂಡಿತ್ತು, ಅಷ್ಟೆ. ತಟ್ಟೆ ಕೂದಲೆಳೆಯಷ್ಟೂ ಬಾಗಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಪ್ಪನಿಗೂ ಆಗುತ್ತದೆ ಎಂದುಕೊಂಡೆ. ಬೆಂಕಿ ಸುಳ್ಳು ಹೇಳುವುದಿಲ್ಲ ಎಂದವನು ಅವನೇ ಅಲ್ಲವೇ? ಎಂಥ ದಡ್ಡಿ ನಾನು. ಸಂಜೆ ಪಾಠದ ನಡುವೆ ಎರಡೂ ತಟ್ಟೆಗಳನ್ನು ಹಿಡಿದು ಹೊಸ್ತಿಲು ದಾಟಿದೆ. ಹುಡುಗರ ಮುಂದೆ ನಾನು ಹಾಗೆ ದಾಟಿದ್ದು ಅದೇ ಮೊದಲು.

"ಅಪ್ಪಾ, ಇದು ಖರೆ ಮೆಲಮೈನ್. ಕರಗಲಿಲ್ಲ ನೋಡ್ರಿ. ಕೋಠಿದು ಬರೇ ಪ್ಲಾಸ್ಟಿಕ್."

ಹುಡುಗರು ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ ಕಣ್ಣು ಹೊರಳಿಸಿದರು. ಆಮೇಲೆ ಬಸವರಾಜ ಬಾಯಿಬಿಟ್ಟ. ಅವನು ಆಳಂದದ ಕಡೆಯ ಹುಡುಗ, ನಾಲ್ವರಲ್ಲಿ ಮಾತು ಕಡಿಮೆ.

"ಹಂಗಾರ ನಾವು ಯಾವುದು ಬರಕೋಬೇಕ್ರಿ ಸರ?"

ಅಪ್ಪನ ಮುಖದಲ್ಲಿ ಆ ಕ್ಷಣ ಕಂಡದ್ದು ಸಿಟ್ಟಲ್ಲ, ಹೆದರಿಕೆ. ಅದನ್ನು ನೋಡಿ ನಾನೂ ಹೆದರಿದೆ. ದೇವರು ಮಾಡಿದಂತೆ ಅದೇ ಹೊತ್ತಿಗೆ ಮಾಣಿಕ್ಯಮ್ಮ ತನ್ನ ತಟ್ಟೆ ಕೇಳಿಕೊಂಡು ಇಳಿದು ಬಂದಳು. ನನ್ನ ಕೈಯಲ್ಲಿದ್ದ ತಟ್ಟೆಯ ಕಂದು ಗುರುತು ನೋಡಿ ಬಾಗಿಲಲ್ಲೇ ಕೂಗಿದಳು.

"ಅಯ್ಯೋ, ಮೀ ಪಿಲ್ಲ ನಾ ಪ್ಲೇಟು ಕಾಲ್ಚೇಸಿಂದಿ!"

ಅಪ್ಪನಿಗೆ ಹಿಡಿಯಲು ಹಗ್ಗ ಸಿಕ್ಕಿತು. ಅವಳಿಗೆ ತೆಲುಗಿನಲ್ಲಿ ಸಮಾಧಾನ ಹೇಳಿ ಕಳಿಸಿ, ಕನ್ನಡದಲ್ಲಿ ನನ್ನ ಕಡೆ ತಿರುಗಿದ.

"ಮಂದಿ ಮನಿ ತಟ್ಟಿ ಸುಟ್ಟು ಅಪ್ಪಗ ಪಾಠ ಹೇಳಾಕ ಬಂದಾಳ. ಅಪ್ಪನಕಿಂತ ಶ್ಯಾಣೇಕಿ ಆಗ್ಯಾಳ. ಹೋಗು, ಹೊಸಾ ಹಾಳಿ ತಗೊಂಡು ಬರಿ. ಥರ್ಮೋಪ್ಲಾಸ್ಟಿಕ್: ಪಾಲಿಥೀನ್, ಪಿ.ವಿ.ಸಿ., ಪಾಲಿಸ್ಟೈರೀನ್, ಮೆಲಮೈನ್. ನಿನ್ನ ಕೈಲೇ ಬರಿ. ದಪ್ಪಗ ಬರಿ."

ಬರೆದೆ. ಹುಡುಗರೆಲ್ಲ ನೋಡುತ್ತಿದ್ದಂತೆ ನೆಲದ ಮೇಲೆ ಮೊಣಕಾಲೂರಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ. ಕಣ್ಣೀರು ಹಾಳೆಯ ಮೇಲೆ ಬೀಳದ ಹಾಗೆ ತಲೆ ಓರೆ ಮಾಡಿಕೊಂಡು ಬರೆದದ್ದು ನೆನಪಿದೆ. ಅದನ್ನು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿದವಳೂ ನಾನೇ. ಅವ್ವನಾದರೂ ನನ್ನ ಪರವಾಗಿ ಒಂದು ಮಾತಾಡುತ್ತಾಳೆಂದು ಕಾದೆ. ಮರುದಿನ ಹಿಟ್ಟು ನಾದುತ್ತ ಅವಳು ಹೇಳಿದ್ದು ಇಷ್ಟು.

"ನೀ ಹೇಳಿದ್ದು ಖರೆ ಇರಬಹುದವ್ವ. ತಟ್ಟಿ ಖೊಟ್ಟಿ ಅಂತ ನನಗೂ ಗೊತ್ತು. ಆದ್ರ ಹುಡುಗೂರು ಇವತ್ತು ತಟ್ಟಿ ಕೇಳತಾರ, ನಾಳೆ ಸರ ನೀವು ಕಾಲೇಜಿನ್ಯಾಗ ಯಾವ ಕ್ಲಾಸಿಗೆ ಪಾಠ ಮಾಡತೀರಿ ಅಂತ ಕೇಳತಾರ. ಆವಾಗ ಏನು ಹೇಳೂದು? ನಿಮ್ಮಪ್ಪನ ಮಾನ ತಗದು ನಿನಗ ಏನು ಸಿಗತೈತಿ?"

ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ. ಬೆಳಗಿನ ಬಾಯಿಪ್ರಶ್ನೆಗಳಲ್ಲಿ ಹುಡುಗರು ತಡವರಿಸಿದರೆ ಉತ್ತರ ತಾನೇ ಹೇಳಿಬಿಡುತ್ತಿದ್ದ, ಹೊಸ್ತಿಲ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನೀರು ಬೇಕಾದರೆ "ಆಕಿಗೆ ಹೇಳು" ಎಂದು ಅವ್ವನಿಗೆ ಹೇಳುತ್ತಿದ್ದ. ಒಂದು ತಿಂಗಳು ಹೀಗೆ ನಡೆಯಿತು. ಹದಿನೇಳು ವರ್ಷದವಳಿಗೆ ಒಂದು ತಿಂಗಳೆಂದರೆ ಕಡಿಮೆಯೇ? ಪರೀಕ್ಷೆಗೆ ಎರಡು ವಾರ ಇರುವಾಗ ಅವನು ಪಾಲಿಮರಿನ ಪ್ರಶ್ನೆಗಳನ್ನು ಕೇಳುತ್ತಿದ್ದ. ಮೆಲಮೈನ್ ಏನು ಎಂದು ಕೇಳಿ ಮೊದಲ ಸಲ ನನ್ನ ಕಡೆ ನೋಡಿದ. ಹುಡುಗರೂ ನೋಡಿದರು. ನಾನು ಥರ್ಮೋಪ್ಲಾಸ್ಟಿಕ್ ಎಂದೆ. ಅಪ್ಪ ತಲೆಯಾಡಿಸಿದ. ಆವತ್ತು ಊಟದ ಹೊತ್ತಿಗೆ, "ಸುಜಾತಾ, ಸ್ವಲ್ಪ ಮಜ್ಜಿಗಿ ಕೊಡು" ಎಂದ. ನಾನು ಮಜ್ಜಿಗೆ ಕೊಟ್ಟು ಬಚ್ಚಲಿಗೆ ಹೋಗಿ ಅತ್ತೆ. ದುಃಖಕ್ಕಲ್ಲ, ಸಂತೋಷಕ್ಕೆ ಅತ್ತೆ. ಅದನ್ನು ನೆನೆದಾಗ ನನ್ನ ಮೇಲೆ ನನಗೇ ಈಗಲೂ ಅಸಹ್ಯವಾಗುತ್ತದೆ.

ಪರೀಕ್ಷೆ ಒಂದು ಶಾಲೆಯಲ್ಲಿ, ಸಣ್ಣ ಮಕ್ಕಳ ಬೆಂಚಿನ ಮೇಲೆ. ಕೆಮಿಸ್ಟ್ರಿಯ ಭಾಗದ ಕೊನೆಯ ಕಡೆ ಅದು ಕೂತಿತ್ತು: ಮೆಲಮೈನ್ ಪಾಲಿಮರ್ ಯಾವ ವರ್ಗಕ್ಕೆ ಸೇರಿದ್ದು? ಒಂದು, ಥರ್ಮೋಪ್ಲಾಸ್ಟಿಕ್. ಎರಡು, ಥರ್ಮೋಸೆಟ್ಟಿಂಗ್. ಮೂರು, ನೂಲು. ನಾಲ್ಕು, ರಬ್ಬರಿನ ಜಾತಿ. ನನಗೆ ಉತ್ತರ ಗೊತ್ತಿತ್ತು. ಇಡೀ ಪ್ರಶ್ನೆಪತ್ರಿಕೆಯಲ್ಲಿ ಅದರಷ್ಟು ಖಚಿತವಾಗಿ ಗೊತ್ತಿದ್ದ ಉತ್ತರ ಇನ್ನೊಂದಿರಲಿಲ್ಲ. ಕೈಯಾರೆ ಸುಟ್ಟು ನೋಡಿದ್ದೆ. ಪೆನ್ಸಿಲ್ ಎರಡನೇ ವೃತ್ತದ ಮೇಲೆ ನಿಂತಿತ್ತು ಕೂಡ. ಆಗ ಸಂಜೆಯ ನೆನಪು ಬಂತು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಎಂಟ್ರೆನ್ಸ್ ಮುಗಿದ ಸಂಜೆ ಒಂದು ಪದ್ಧತಿಯಿತ್ತು. ಅವ್ವ ಶಿರಾ ಮಾಡುತ್ತಿದ್ದಳು. ಎಲ್ಲರೂ ಚಾಪೆಯ ಮೇಲೆ ಸುತ್ತ ಕೂತು, ಅಪ್ಪ ಪ್ರಶ್ನೆಪತ್ರಿಕೆ ಹಿಡಿದು ಒಂದೊಂದೇ ಪ್ರಶ್ನೆ ಓದುವುದು, ಯಾರು ಯಾವ ವೃತ್ತ ತುಂಬಿದರು ಎಂದು ಸರದಿಯಂತೆ ಹೇಳುವುದು. ನಾಲ್ವರು ಹುಡುಗರು ಒಂದು, ಒಂದು, ಒಂದು, ಒಂದು ಎನ್ನುತ್ತಾರೆ. ಐದನೆಯವಳಾಗಿ ನಾನು ಎರಡು ಎನ್ನಬೇಕು. ಅಪ್ಪನ ಆ ಮುಖ ಮತ್ತೆ ನೋಡಬೇಕು. ಮತ್ತೆ ತಿಂಗಳುಗಟ್ಟಲೆ ಆ ಮೌನ. ಮೇಲ್ವಿಚಾರಕರು ಹತ್ತು ನಿಮಿಷ ಉಳಿದಿದೆ ಎಂದು ಕೂಗಿದರು. ನಾನು ಒಂದನೇ ವೃತ್ತ ತುಂಬಿದೆ. ಯಾರೂ ನನ್ನ ಕೈ ಹಿಡಿದು ತುಂಬಿಸಲಿಲ್ಲ, ನಾನೇ ತುಂಬಿದೆ.

ಸಂಜೆ ಅಂದುಕೊಂಡಂತೆಯೇ ನಡೆಯಿತು. ಅಪ್ಪ ಆ ಪ್ರಶ್ನೆ ಓದಿ ನಿಧಾನವಾಗಿ ಸುತ್ತ ನೋಡಿದ. ಹುಡುಗರು ಒಂದು ಎಂದರು. ನಾನೂ ಒಂದು ಎಂದೆ. ಅಪ್ಪ ಚಾಪೆಯ ಮೇಲಿನಿಂದ ಕೈ ಚಾಚಿ ನನ್ನ ತಲೆ ಸವರಿದ.

"ಭೇಷ್. ಈಗ ಜಾಣಿ ಆದಿ."

ಅವನು ನನ್ನ ತಲೆ ಸವರಿದ ನೆನಪು ನನಗೆ ಅದೊಂದೇ ಇದೆ. ಕೆಲವು ದಿನಗಳ ಮೇಲೆ ಸರಿಯುತ್ತರಗಳು ಪೇಪರಿನಲ್ಲಿ ಬಂದವು. ಅಪ್ಪ ಮೊದಲು ನೋಡಿದ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಾಸಿಗೆಯ ಕೆಳಗೆ ಇಟ್ಟು, ಬಿಳಿ ಅಂಗಿ ತೊಟ್ಟು, ಚಹಾ ಕುಡಿಯದೆ ಕಾಲೇಜಿಗೆ ಹೋದ. ನಾನು ಹಾಸಿಗೆ ಎತ್ತಿ ನೋಡಿದೆ. ಆ ಪ್ರಶ್ನೆಯ ಮುಂದೆ ಎರಡು ಎಂದಿತ್ತು. ಆಮೇಲೆ ರ‍್ಯಾಂಕ್ ಬಂತು, ಸೀಟು ಹಂಚುವ ದಿನವೂ ಬಂತು. ನಮ್ಮ ಪಾಲಿನ ಸರ್ಕಾರಿ ಕಾಲೇಜಿನ ಕೊನೆಯ ಸೀಟು ನನಗಿಂತ ಕೊಂಚವೇ ಮುಂದಿದ್ದ ಒಬ್ಬ ಹುಡುಗಿಗೆ ಹೋಯಿತು. ಅವಳ ಅಂಕಕ್ಕೂ ನನ್ನ ಅಂಕಕ್ಕೂ ಇದ್ದ ವ್ಯತ್ಯಾಸ ಒಂದು ಪ್ರಶ್ನೆಯ ಬೆಲೆಗಿಂತ ಕಡಿಮೆ. ಅಪ್ಪ ನನ್ನ ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದ. ಬೋರ್ಡಿನ ಮೇಲಿನ ಅಂಕಿಗಳನ್ನು ಇಬ್ಬರೂ ನೋಡಿದೆವು. ಬಸ್ಸಿನಲ್ಲಿ ಬರುವಾಗ ಅವನು ಕಿಟಕಿಯ ಆಚೆ ನೋಡುತ್ತ, ಬಿ.ಎಸ್ಸಿ. ಫಾರ್ಮು ನಾಳೆಯಿಂದ ಕೊಡುತ್ತಾರಂತೆ ಎಂದ.

ಹುಡುಗರು ಊರಿಗೆ ಹೊರಟರು. ಬಸವರಾಜನಿಗೆ ಸರ್ಕಾರಿ ಕಾಲೇಜಿನಲ್ಲೇ ಸೀಟು ಸಿಕ್ಕಿತ್ತು. ಟ್ರಂಕು ಬಾಗಿಲಲ್ಲಿಟ್ಟು, ಅವ್ವನ ಕಾಲಿಗೆ ಬಿದ್ದು, ನನ್ನ ಹತ್ತಿರ ಬಂದು ನಿಂತ. ನನಗಿಂತ ದೊಡ್ಡವನಾದರೂ ಎಲ್ಲರ ಹಾಗೆ ನನ್ನನ್ನು ಅಕ್ಕ ಎನ್ನುತ್ತಿದ್ದ.

"ಅಕ್ಕಾ, ನಿಮಗ ಒಂದು ಹೇಳಬೇಕಿತ್ರಿ. ನಾ ಹಾಳ್ಯಾಗ ಎರಡು ತುಂಬಿದ್ನಿ. ಸರ ಮುಂದ ಒಂದು ಅಂದೆ, ಅಷ್ಟ."

"ನಿನಗ ಹೆಂಗ ಗೊತ್ತಾತು?"

"ನಿಮ್ಮ ತಟ್ಟಿ ನೋಡೇ ಗೊತ್ತಾತ್ರಿ. ನೀವೂ ಎರಡಽ ತುಂಬಿರತೀರಿ ಅಂದ್ಕೊಂಡಿದ್ನಿ."

ಅವನು ಹೋದ ಮೇಲೆ ನಾನು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಹಾಳೆಯಲ್ಲಿ ಸರಿಯುತ್ತರ ತುಂಬಿ ಬಾಯಲ್ಲಿ ಬೇರೆಯದನ್ನು ಹೇಳಬಹುದು ಎನ್ನುವ ಸುಲಭದ ದಾರಿ ನನಗೆ ಹೊಳೆದಿರಲೇ ಇಲ್ಲ. ಮನೆಯ ಗುಟ್ಟನ್ನು ಹೊರಗಿನವರಿಂದ ಬಚ್ಚಿಡುವುದನ್ನು ಚಿಕ್ಕಂದಿನಿಂದ ಕಲಿತಿದ್ದೆ, ಅಪ್ಪನಿಂದ ಏನನ್ನಾದರೂ ಬಚ್ಚಿಡಬಹುದು ಎಂದು ಯಾರೂ ಕಲಿಸಿರಲಿಲ್ಲ. ಹೊರಗಿನ ಹುಡುಗನಿಗೆ ಅಪ್ಪ ಬರೀ ಮೇಷ್ಟ್ರು. ಅವನಿಗೆ ಒಂದು ಸುಳ್ಳು ಹೇಳಿ ಮುಂದೆ ಹೋಗಬಹುದಿತ್ತು. ನಾನು ಎಲ್ಲಿಗೆ ಹೋಗಲಿ? ಈಗ ನಲವತ್ತು ದಾಟಿದ್ದೇನೆ, ಇಂಟರ್ ಮಕ್ಕಳಿಗೆ ಇದೇ ಕೆಮಿಸ್ಟ್ರಿ ಕಲಿಸುತ್ತೇನೆ, ಅಪ್ಪನ ಪಿನ್ನಿನ ಸರಪಳಿಯನ್ನೇ ತೋರಿಸುತ್ತೇನೆ. ಮಕ್ಕಳು ನನ್ನ ತಪ್ಪು ಹಿಡಿದರೆ ಕೂಡಲೇ ಒಪ್ಪಿಕೊಳ್ಳುತ್ತೇನೆ. ಒಳ್ಳೆಯತನವಲ್ಲ ಅದು, ಹಟ.

ಹುಡುಗರು ಹೋದ ಮೇಲೆ ಅಪ್ಪ ಅಡುಗೆಮನೆಯ ಬಾಗಿಲ ಪಕ್ಕದ ಹಾಳೆಯನ್ನು ತಾನೇ ಕಿತ್ತು ಹಾಕಿದ. ಹೊಸ ಹಾಳೆ ತಂದು ನನ್ನ ಮುಂದೆ ಇಟ್ಟ. ಈ ಸಲ ಮೆಲಮೈನ್ ಬೇಕಲೈಟಿನ ಕೆಳಗೆ ಬಂತು. ನಾನು ಬರೆಯುವಷ್ಟು ಹೊತ್ತೂ ಅವನು ಹಿಂದೆ ನಿಂತಿದ್ದ. ಈಗ ಹೇಳುತ್ತಾನೆ, ಈಗ ಒಂದು ಮಾತು ಹೇಳುತ್ತಾನೆ ಎಂದು ನನ್ನ ಬೆನ್ನೆಲ್ಲ ಕಿವಿಯಾಗಿತ್ತು. "ಅಕ್ಷರ ಸ್ವಲ್ಪ ದೊಡ್ಡದು ಮಾಡು" ಎಂದು ಹೇಳಿ ಹೋದ.

ಮುಂದಿನ ವರ್ಷ ಹೊಸ ಮಕ್ಕಳು ಬಂದರು. ಹುಡುಗರ ಜೊತೆ ಇಬ್ಬರು ಹುಡುಗಿಯರೂ ಇದ್ದರು, ಹತ್ತಿರದಲ್ಲೇ ನೆಂಟರ ಮನೆಯಲ್ಲಿದ್ದು ಪಾಠಕ್ಕೆ ಬಂದು ಹೋಗುವವರು. ನಾನು ಬಿ.ಎಸ್ಸಿ. ಕ್ಲಾಸು ಮುಗಿಸಿ ಬಂದು ಸಂಜೆಯ ಚಹಾ ಮಾಡುತ್ತಿದ್ದೆ. ವರ್ಷದ ಕೊನೆಗೆ ಮತ್ತೆ ಪಾಲಿಮರಿನ ಪಾಠ ಬಂತು. ಚಹಾದ ತಟ್ಟೆ ಹಿಡಿದು ನಾನು ಪಡಸಾಲೆಗೆ ಕಾಲಿಡುವ ಹೊತ್ತಿಗೆ ಅಪ್ಪ ಹೇಳುತ್ತಿದ್ದ.

"ಇಲ್ಲಿ ಎಲ್ಲಾರೂ ಎಡವತಾರ, ನೆನಪಿಟ್ಕೋರಿ. ಮೆಲಮೈನ್ ಥರ್ಮೋಸೆಟ್ಟಿಂಗ್. ಫುಟ್‌ಪಾತಿನ ಖೊಟ್ಟಿ ತಟ್ಟಿ ಕರಗೂದು ನೋಡಿ ಥರ್ಮೋಪ್ಲಾಸ್ಟಿಕ್ ಅಂತ ತಿಳಕೋಬ್ಯಾಡ್ರಿ. ನನ್ನ ಮಗಳಽ ಹೋದ ವರ್ಷ ಇದಽ ತಪ್ಪು ಮಾಡಿ ಸರ್ಕಾರಿ ಸೀಟ್ ಕಳಕೊಂಡ್ಲು. ಅಲ್ಲೇ ನಿಂತಾಳ ನೋಡ್ರಿ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಅಪ್ಪ ಮಾತ್ರ ನೋಡಲಿಲ್ಲ. ಅವನ ಕಣ್ಣು ಲೋಟಗಳ ಮೇಲಿತ್ತು. ನನ್ನ ಮೈಯೆಲ್ಲ ಕಾದುಹೋಯಿತು. ನಾನು ಬಾಯಿ ತೆರೆದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಇವರು ಲೆಕ್ಚರರ್ ಅಲ್ಲ ಎಂದು. ಅವನು ಆ ಚಾಪೆಯಿಂದ ಮತ್ತೆ ಏಳುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನಾನು ಹೇಳುವುದಿಲ್ಲ ಎನ್ನುವುದೂ ಗೊತ್ತಿತ್ತು. ನನ್ನ ಆ ಗುಣದ ಮೇಲೆಯೇ ಅವನು ಧೈರ್ಯವಾಗಿ ಕೂತಿದ್ದ. ಒಬ್ಬೊಬ್ಬರಿಗೆ ಒಂದೊಂದು ಲೋಟ ಕೊಟ್ಟೆ, ಅವನಿಗೂ ಕೊಟ್ಟೆ, ಒಳಗೆ ಹೋದೆ.

ಪಾಠ ಮುಗಿದ ಮೇಲೆ ಆ ಹುಡುಗಿಯರಲ್ಲಿ ಒಬ್ಬಳು ಖಾಲಿ ಲೋಟಗಳನ್ನು ಜೋಡಿಸಿಕೊಂಡು ಅಡುಗೆಮನೆಗೆ ಬಂದಳು. ಒಳ್ಳೆಯ ಹುಡುಗಿ, ಹುಮನಾಬಾದಿನ ಕಡೆಯವಳು. ನನಗಾಗಿ ನಿಜವಾಗಿಯೂ ಮರುಗುತ್ತಿದ್ದಳು.

"ಅಕ್ಕಾ, ಸರ ಇಷ್ಟು ಚಂದ ಬಿಡಿಸಿ ಹೇಳತಾರಲ್ರಿ. ನೀವು ಆವಾಗ ಸರಿಯಾಗಿ ಕೇಳಿರಲಿಲ್ಲೇನ್ರಿ?"

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಗೋಡೆಯ ಆಚೆ ಅಪ್ಪ ಪುಸ್ತಕ ಎತ್ತಿಡುತ್ತಿದ್ದ ಸದ್ದೂ ನಿಂತಿತು.

"ಕೇಳಿದ್ನೆವಾ," ಎಂದೆ. "ಅಪ್ಪ ಹೇಳಿದ್ದು ಒಂದು ಅಕ್ಷರ ಬಿಡದಂಗ ಕೇಳಿದ್ನಿ."